ಆಪರೇಷನ್ ಆದ ಮೇಲೆ ಸೂಜಿ: ಕಾರ್ಟಿಸಾಲ್ ಇಳಿದರೆ ರೋಗಿಗೆ ಸಿಕ್ಕಿದ್ದೇನು?

ಧಾರವಾಡ ತಾಲ್ಲೂಕಿನ ಉಪ್ಪಿನಬೆಟಗೇರಿಯಲ್ಲಿ ಯಾರಿಗಾದರೂ ದೊಡ್ಡ ಆಪರೇಷನ್ ಅಂದರೆ ಧಾರವಾಡದ ಜಿಲ್ಲಾಸ್ಪತ್ರೆ, ಸತ್ತೂರಿನ ಎಸ್‌ಡಿಎಂ, ಇಲ್ಲವೇ ಹುಬ್ಬಳ್ಳಿಯ ಕಿಮ್ಸ್. ಡಿಸ್ಚಾರ್ಜ್ ಆಗಿ ಬಂದವರ ಮನೆಯಲ್ಲಿ ಕೇಳಿಬರುವ ಮಾತು ಮಾತ್ರ ಎಲ್ಲ ಊರಲ್ಲೂ ಒಂದೇ. 'ಶುಗರ್ ಇರಲಿಲ್ಲರೀ, ಆಪರೇಷನ್ ಮಾಡಿದ ಮ್ಯಾಲ ಬಂತು.' 'ಕೈಕಾಲಾಗ ಶಕ್ತೀನ ಇಲ್ಲ.' ಆಸ್ಪತ್ರೆಯವರು ಏನೋ ಎಡವಟ್ಟು ಮಾಡಿದ್ದಾರೆ ಎಂಬ ಅನುಮಾನವೂ ಇದರ ಜೊತೆಗೇ ಬರುತ್ತೆ. ಈ ಎರಡೂ ದೂರುಗಳ ಹಿಂದೆ ಬಹುಮಟ್ಟಿಗೆ ಇರುವುದು ದೇಹದ್ದೇ ಒಂದು ಹಾರ್ಮೋನ್ ವ್ಯವಸ್ಥೆ.

ಅದೇ ವ್ಯವಸ್ಥೆಯ ಹೆಸರು ಹೇಳಿ ಈಗ ಅಕ್ಯುಪಂಕ್ಚರ್ ಮಾರಾಟವಾಗುತ್ತಿದೆ. 'ಸೂಜಿ ಚುಚ್ಚಿದರೆ ಸ್ಟ್ರೆಸ್ ಹಾರ್ಮೋನ್ ಇಳಿಯುತ್ತೆ, ಆಪರೇಷನ್ ನಂತರ ಬೇಗ ಗುಣವಾಗ್ತೀರಿ' ಅನ್ನೋದು ಜಾಹೀರಾತಿನ ಸಾರ. ಈ ವಾಕ್ಯದ ಮೊದಲರ್ಧಕ್ಕೆ ಒಂದಿಷ್ಟು ಪುರಾವೆ ಇದೆ. ಎರಡನೇ ಅರ್ಧ ಮೊದಲರ್ಧದಿಂದ ತಾನಾಗಿ ಬರುವುದಿಲ್ಲ.

ಬ್ಲೇಡ್ ತಾಗಿದಾಗ ಆಗೋದೇನು?

ಅರಿವಳಿಕೆಯಲ್ಲಿ ನಿಮಗೆ ನೋವು ಗೊತ್ತಾಗುವುದಿಲ್ಲ, ಆದರೆ ನರಗಳು ಗಾಯದ ಸುದ್ದಿಯನ್ನು ಮೆದುಳಿಗೆ ಮುಟ್ಟಿಸುತ್ತಲೇ ಇರುತ್ತವೆ. ಮೆದುಳಿನ ಹೈಪೊಥಾಲಮಸ್ ಪಿಟ್ಯುಟರಿ ಗ್ರಂಥಿಗೆ ಆದೇಶ ಕೊಡುತ್ತೆ, ಪಿಟ್ಯುಟರಿ ಎಸಿಟಿಎಚ್ ಎಂಬ ಹಾರ್ಮೋನ್ ಬಿಡುತ್ತೆ, ಅದು ಮೂತ್ರಪಿಂಡದ ಮೇಲೆ ಟೋಪಿಯಂತೆ ಕೂತಿರುವ ಅಡ್ರಿನಲ್ ಗ್ರಂಥಿಯಿಂದ ಕಾರ್ಟಿಸಾಲ್ ಹೊರಡಿಸುತ್ತೆ. ಇನ್ನೊಂದು ದಾರಿಯಲ್ಲಿ ನೇರ ನರದ ಮೂಲಕವೇ ಅಡ್ರಿನಲಿನ್ ಬಿಡುಗಡೆಯಾಗುತ್ತೆ. ರಕ್ತದಲ್ಲಿ ಲೀಟರ್‌ಗೆ ಸುಮಾರು 400 ನ್ಯಾನೋಮೋಲ್ ಇದ್ದ ಕಾರ್ಟಿಸಾಲ್, ದೊಡ್ಡ ಆಪರೇಷನ್ ಆದರೆ 4ರಿಂದ 6 ಗಂಟೆಯೊಳಗೆ 1500 ದಾಟಬಹುದು.

ಎಂಜಿನಿಯರಿಂಗ್‌ನಲ್ಲಿ ಕಂಟ್ರೋಲ್ ಸಿಸ್ಟಮ್ಸ್ ಓದಿದವರಿಗೆ ಇಲ್ಲಿ ಒಂದು ವಿಚಿತ್ರ ಕಾಣುತ್ತೆ. ಮಾಮೂಲಿ ದಿನಗಳಲ್ಲಿ ಕಾರ್ಟಿಸಾಲ್ ಏರಿದರೆ ಎಸಿಟಿಎಚ್ ತಾನಾಗಿ ಇಳಿಯಬೇಕು. ನೀರು ಕಾದ ಕೂಡಲೇ ಗೀಜರ್ ಆಫ್ ಆದ ಹಾಗೆ. ಆಪರೇಷನ್ ನಂತರ ಈ ಥರ್ಮೋಸ್ಟಾಟ್ ಕೆಲಸ ಮಾಡಲ್ಲ, ಎರಡೂ ಮೇಲೆಯೇ ನಿಲ್ಲುತ್ತವೆ. ಯಕೃತ್ತು ಸಕ್ಕರೆಯನ್ನು ರಕ್ತಕ್ಕೆ ಸುರಿಯುತ್ತೆ, ಇನ್ಸುಲಿನ್ ಮಾತು ಕೇಳುವವರಿಲ್ಲ. ಮಧುಮೇಹ ಇಲ್ಲದವರಿಗೂ ಶುಗರ್ ಏರೋದು ಹೀಗೆ. ಹಲವರಲ್ಲಿ ಕೆಲ ದಿನಗಳಲ್ಲಿ ಅದು ಇಳಿಯುತ್ತೆ. ಕೆಲವರಿಗೆ ಮೊದಲೇ ಇದ್ದ, ಪರೀಕ್ಷೆ ಮಾಡಿಸದ ಮಧುಮೇಹ ಆಗ ಬಯಲಾಗುತ್ತೆ.

ಶಕ್ತಿ ಹೋಗುವುದೂ ಇದರದೇ ಭಾಗ. ಗ್ಲಾಸ್ಗೋದ ಡೇವಿಡ್ ಕತ್‌ಬರ್ಟ್‌ಸನ್ 1930ರ ದಶಕದಲ್ಲಿ ಕಾಲು ಮುರಿದವರ ಮೂತ್ರ ಅಳೆದು, ಗಾಯವಾದ ಮೇಲೆ ದೇಹ ಅಪಾರ ಸಾರಜನಕ ಕಳೆದುಕೊಳ್ಳುತ್ತದೆ ಎಂದು ತೋರಿಸಿದರು. ಅರ್ಥ ಇಷ್ಟೇ: ದೇಹ ತನ್ನದೇ ಸ್ನಾಯು ಕರಗಿಸಿ ಇಂಧನ ಮಾಡಿಕೊಳ್ಳುತ್ತಿದೆ. ಕಾಡಿನಲ್ಲಿ ಗಾಯಗೊಂಡು ಮೂರು ದಿನ ಊಟವಿಲ್ಲದೆ ಬಿದ್ದಿರುವ ಪ್ರಾಣಿಗೆ ಇದು ಜೀವ ಉಳಿಸುವ ಏರ್ಪಾಡು. ಕೈಗೆ ಡ್ರಿಪ್ ಹಾಕಿಸಿಕೊಂಡು ವಾರ್ಡಿನಲ್ಲಿ ಮಲಗಿದವರಿಗೆ ಇಷ್ಟೆಲ್ಲ ಬೇಕಿರಲಿಲ್ಲ.

ಹಂಗಾದ್ರೆ ಕಾರ್ಟಿಸಾಲ್ ವಿಲನ್ನಾ?

ಅಲ್ಲ. 1952ರಲ್ಲಿ ಅಮೆರಿಕದ ವೈದ್ಯರು ಒಂದು ಸಾವನ್ನು ವರದಿ ಮಾಡಿದರು. ಸಂಧಿವಾತಕ್ಕೆ ಕಾರ್ಟಿಸೋನ್ ತೆಗೆದುಕೊಳ್ಳುತ್ತಿದ್ದ 34 ವರ್ಷದ ರೋಗಿ, ಆಪರೇಷನ್ ಆದ ಮೇಲೆ ಬಿಪಿ ಕುಸಿದು ತೀರಿಕೊಂಡರು. ಹೊರಗಿನಿಂದ ಸ್ಟೀರಾಯ್ಡ್ ಬರುತ್ತಿದ್ದುದರಿಂದ ಅವರ ಅಡ್ರಿನಲ್ ಗ್ರಂಥಿ ಸೊರಗಿತ್ತು. 1980ರ ದಶಕದ ಆರಂಭದಲ್ಲಿ ಬ್ರಿಟನ್ನಿನಲ್ಲಿ, ತೀವ್ರ ನಿಗಾ ಘಟಕದಲ್ಲಿ ಎಟೊಮಿಡೇಟ್ ಎಂಬ ನಿದ್ರೆಯ ಔಷಧಿಯನ್ನು ದಿನಗಟ್ಟಲೆ ಹರಿಸಿದಾಗ ಸಾವು ಹೆಚ್ಚಾಯಿತು. ಅದು ಕಾರ್ಟಿಸಾಲ್ ತಯಾರಿಯನ್ನೇ ನಿಲ್ಲಿಸುತ್ತಿತ್ತು.

ಇದು ಹಳೇ ಕಥೆ ಅಂತ ಬಿಡೋ ಹಾಗಿಲ್ಲ. ಮೊಣಕಾಲು ನೋವಿಗೆ, ದಮ್ಮಿಗೆ ಚೀಟಿ ಇಲ್ಲದೆ ಸಿಗುವ ಪುಟ್ಟ ಗುಳಿಗೆಯಲ್ಲಿ, 'ಒಂದ ಇಂಜೆಕ್ಷನ್ನಿಗೆ ಆರಾಮ' ಅನ್ನಿಸುವ ಸೂಜಿಯಲ್ಲಿ ಇರೋದು ಎಷ್ಟೋ ಸಲ ಸ್ಟೀರಾಯ್ಡೇ. ನಿಮ್ಮ ಅವ್ವನೋ ಅಜ್ಜನೋ ತಿಂಗಳುಗಟ್ಟಲೆ ಅಂಥದ್ದು ತಗೊಂಡಿದ್ದರೆ, ಆಪರೇಷನ್‌ಗೆ ಮುಂಚೆ ಆ ಸ್ಟ್ರಿಪ್ ಅನ್ನೇ ಒಯ್ದು ಅರಿವಳಿಕೆ ವೈದ್ಯರಿಗೆ ತೋರಿಸಿ. ತಾವಾಗಿ ಒಮ್ಮೆಲೇ ನಿಲ್ಲಿಸುವುದಂತೂ ಬೇಡ.

ಸೂಜಿಯ ಲೆಕ್ಕ

1971ರ ಜುಲೈನಲ್ಲಿ ನ್ಯೂಯಾರ್ಕ್ ಟೈಮ್ಸ್‌ನ ಜೇಮ್ಸ್ ರೆಸ್ಟನ್‌ಗೆ ಬೀಜಿಂಗ್‌ನಲ್ಲಿ ಅಪೆಂಡಿಕ್ಸ್ ಆಪರೇಷನ್ ಆಯಿತು. ಸೂಜಿಯಲ್ಲೇ ಅರಿವಳಿಕೆ ಕೊಟ್ಟು ಹೊಟ್ಟೆ ಕೊಯ್ದರು ಎಂದು ಈಗಲೂ ಹೇಳುವವರಿದ್ದಾರೆ. ಅವರೇ ಬರೆದ ವರದಿ ಬೇರೆ: ಆಪರೇಷನ್ ನಡೆದದ್ದು ಮಾಮೂಲಿ ಅರಿವಳಿಕೆ ಇಂಜೆಕ್ಷನ್‌ನಲ್ಲಿ. ಎರಡನೇ ರಾತ್ರಿ ಹೊಟ್ಟೆ ಉಬ್ಬರಿಸಿದಾಗ ಸೂಜಿ ಚುಚ್ಚಿದರು, ಅದು ಇಳಿಯಿತು. ಅಮೆರಿಕದಲ್ಲಿ ಅಕ್ಯುಪಂಕ್ಚರ್ ಹುಚ್ಚು ಹಿಡಿದದ್ದು ಅಲ್ಲಿಂದ.

ಹಾರ್ಮೋನಿನ ವಿಷಯಕ್ಕೆ ಹೆಚ್ಚು ಉಲ್ಲೇಖವಾಗುವುದು 2001ರಲ್ಲಿ ಪ್ರಕಟವಾದ ಜಪಾನಿನ ಅಧ್ಯಯನ. ಹೊಟ್ಟೆಯ ಆಪರೇಷನ್‌ಗೆ ಮುನ್ನ ಬೆನ್ನುಮೂಳೆಯ ಎರಡೂ ಪಕ್ಕ ಚರ್ಮದೊಳಗೆ ಸಣ್ಣ ಸೂಜಿಗಳನ್ನಿಟ್ಟರು. ಆ ರೋಗಿಗಳಿಗೆ ಹೆಚ್ಚುವರಿ ಮಾರ್ಫಿನ್ ಅರ್ಧದಷ್ಟು ಸಾಕಾಯಿತು, ಕಾರ್ಟಿಸಾಲ್ ಮತ್ತು ಅಡ್ರಿನಲಿನ್ ಶೇ. 30ರಿಂದ 50ರಷ್ಟು ಕಡಿಮೆ ಇದ್ದವು. ಆದರೆ ಎಲ್ಲರಿಗೂ ಬೆನ್ನಿನ ಎಪಿಡ್ಯೂರಲ್ ಮೂಲಕ ನೋವಿನ ಔಷಧಿಯೂ ಹೋಗುತ್ತಿತ್ತು. ಅಂದರೆ ಇಲ್ಲಿ ಸೂಜಿ ಔಷಧಿಯ ಜೊತೆಗಿತ್ತು, ಅದರ ಬದಲಿಗಲ್ಲ. ಇಂಥ ಅಧ್ಯಯನಗಳಲ್ಲಿ ಸೂಜಿಯ ಪಾಲೆಷ್ಟು, 'ನನಗೇನೋ ಮಾಡ್ತಿದ್ದಾರೆ' ಎಂಬ ಭರವಸೆಯ ಪಾಲೆಷ್ಟು ಅಂತ ಬೇರ್ಪಡಿಸುವುದೂ ಕಷ್ಟ. 2007ರ ಜರ್ಮನಿಯ ಸೊಂಟನೋವಿನ ಅಧ್ಯಯನದಲ್ಲಿ ನಿಜವಾದ ಸೂಜಿಯಿಂದ ಶೇ. 47.6 ಜನರಿಗೆ, ಎಲ್ಲೆಲ್ಲೋ ಮೇಲುಮೇಲೆ ಚುಚ್ಚಿದ ಹುಸಿ ಸೂಜಿಯಿಂದ ಶೇ. 44.2 ಜನರಿಗೆ ಗುಣ ಕಂಡಿತ್ತು. ಮಾಮೂಲಿ ಚಿಕಿತ್ಸೆಯಲ್ಲಿ ಅದು ಶೇ. 27.4 ಮಾತ್ರ.

ಇಲಿಗಳ ಮೇಲಿನ ಸಂಶೋಧನೆ ಕಥೆಯನ್ನು ಇನ್ನೂ ತಿರುವುತ್ತೆ. 2014 ಮತ್ತು 2021ರ ಅಧ್ಯಯನಗಳಲ್ಲಿ ಹಿಂಗಾಲಿಗೆ ವಿದ್ಯುತ್ ಹಾಯಿಸಿದ ಸೂಜಿ ಉರಿಯೂತ ತಗ್ಗಿಸಿತು. ಹೇಗೆ? ವೇಗಸ್ ನರದ ಮೂಲಕ ಅಡ್ರಿನಲ್ ಗ್ರಂಥಿಯನ್ನು ಎಚ್ಚರಿಸಿ. ರೀಲ್ಸ್‌ನವರು ಆ ಗ್ರಂಥಿಯನ್ನು 'ಶಾಂತಗೊಳಿಸುತ್ತೇವೆ' ಅನ್ನುತ್ತಾರೆ!

ಇನ್ನು ಮುಖ್ಯ ಪ್ರಶ್ನೆ. ಹೊಕ್ಕುಳ ಕೆಳಗಿನ ಆಪರೇಷನ್‌ಗಳಲ್ಲಿ ಕಾರ್ಟಿಸಾಲ್ ಏರಿಕೆಯನ್ನು ಎಪಿಡ್ಯೂರಲ್ ಬಹುತೇಕ ತಡೆಯಬಲ್ಲದು. ಸೂಜಿಗಿಂತ ಬಲವಾದ ತಡೆ ಅದು. ಹಾಗಿದ್ದೂ ಆಸ್ಟ್ರೇಲಿಯಾದ ನೇತೃತ್ವದಲ್ಲಿ 915 ರೋಗಿಗಳ ಮೇಲೆ ನಡೆದು 2002ರಲ್ಲಿ ಪ್ರಕಟವಾದ ಹೊಟ್ಟೆ ಆಪರೇಷನ್‌ಗಳ ಅಧ್ಯಯನದಲ್ಲಿ ಎಪಿಡ್ಯೂರಲ್‌ನಿಂದ ನೋವು ಮತ್ತು ಉಸಿರಾಟದ ತೊಂದರೆ ಕಡಿಮೆಯಾದವು, ಸಾವು ಕಡಿಮೆಯಾಗಲಿಲ್ಲ. ಲ್ಯಾಪ್ರೊಸ್ಕೋಪಿಯದ್ದು ಇದರ ಉಲ್ಟಾ. ಕಾರ್ಟಿಸಾಲ್ ಅಷ್ಟೇನೂ ಇಳಿಯಲ್ಲ, ರೋಗಿ ಮಾತ್ರ ಬೇಗ ಎದ್ದು ಓಡಾಡ್ತಾರೆ. ಹಾಗಾಗಿ ಯಾರಾದರೂ ಲ್ಯಾಬ್ ರಿಪೋರ್ಟ್ ಹಿಡಿದು 'ನೋಡಿ, ಕಾರ್ಟಿಸಾಲ್ ಇಳಿದಿದೆ' ಅಂದರೆ, ನೋವು ಎಷ್ಟು ಇಳಿಯಿತು, ಎಷ್ಟನೇ ದಿನ ನಡೆದಾಡಿದರು ಅಂತ ಕೇಳಬೇಕು. ಡೆನ್ಮಾರ್ಕ್‌ನ ಹೆನ್ರಿಕ್ ಕೆಹ್ಲೆಟ್ 1990ರ ದಶಕದಲ್ಲಿ ಹಿಡಿದದ್ದು ಈ ಹಾದಿ: ಸರಿಯಾದ ನೋವು ನಿವಾರಣೆ, ಬೇಗ ಊಟ, ಬೇಗ ನಡಿಗೆ.

ಅಕ್ಯುಪಂಕ್ಚರ್‌ನ ಒಳ್ಳೆ ಫಲಿತಾಂಶ ಇರೋದು ವಾಕರಿಕೆಯಲ್ಲಿ. ಮುಂಗೈಯ ಪಿ6 ಎಂಬ ಬಿಂದುವಿನ ಬಗ್ಗೆ 59 ಅಧ್ಯಯನಗಳನ್ನು 2015ರ ಕೊಕ್ರೇನ್ ವಿಮರ್ಶೆ ಒಟ್ಟುಗೂಡಿಸಿತು. ಹುಸಿ ಚಿಕಿತ್ಸೆಗಿಂತ ಪ್ರಯೋಜನ ಕಂಡಿತು, ಆದರೆ ಪುರಾವೆಯ ಗುಣಮಟ್ಟ ಕಡಿಮೆ ಎಂದೂ ಹೇಳಿತು.

ಚುಚ್ಚೋರು ಯಾರು?

ಈ ಚಿಕಿತ್ಸೆ ಭಾರತಕ್ಕೆ ಬಂದ ದಾರಿ ನಮ್ಮ ಗಡಿಗೆ ದೂರದ್ದಲ್ಲ. 1938ರಲ್ಲಿ ಚೀನಾಕ್ಕೆ ಹೋದ ಭಾರತೀಯ ವೈದ್ಯರ ತಂಡದಲ್ಲಿ ಸೊಲ್ಲಾಪುರದ ದ್ವಾರಕಾನಾಥ ಕೋಟ್ನಿಸ್ ಇದ್ದರು, 1942ರಲ್ಲಿ ಅಲ್ಲೇ ತೀರಿಕೊಂಡರು. ಅದೇ ತಂಡದ ಬಿ.ಕೆ. ಬಸು 1950ರ ದಶಕದ ಕೊನೆಗೆ ಮತ್ತೆ ಹೋಗಿ ಅಕ್ಯುಪಂಕ್ಚರ್ ಕಲಿತು ಕಲ್ಕತ್ತಾದಲ್ಲಿ ಶುರು ಮಾಡಿದರು. ಪಶ್ಚಿಮ ಬಂಗಾಳ 1996ರಲ್ಲೇ ಇದಕ್ಕೆ ಕಾಯ್ದೆ ಮಾಡಿತು. ಕೇಂದ್ರ ಸರ್ಕಾರ 2019ರ ಫೆಬ್ರವರಿಯಲ್ಲಿ ಸ್ವತಂತ್ರ ಚಿಕಿತ್ಸಾ ಪದ್ಧತಿ ಎಂದು ಮಾನ್ಯತೆ ಕೊಟ್ಟಿತು. ಮಾನ್ಯತೆ ಅಂದರೆ ಪ್ರತಿ ಬೋರ್ಡಿನ ಹಿಂದೆ ತರಬೇತಿ ಇದೆ ಎಂದಲ್ಲ. ಚುಚ್ಚುವವರು ಏನು ಓದಿದ್ದಾರೆ, ಸೂಜಿ ಒಮ್ಮೆ ಬಳಸಿ ಎಸೆಯುವಂಥದ್ದಾ ಎಂದು ಕೇಳಿ. ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ಳುತ್ತಿದ್ದರೆ ಮೊದಲು ಸರ್ಜನ್‌ಗೆ ಹೇಳಿ. ಎದೆ, ಬೆನ್ನಿನ ಮೇಲ್ಭಾಗದಲ್ಲಿ ಆಳವಾಗಿ ಚುಚ್ಚಿದರೆ ಶ್ವಾಸಕೋಶಕ್ಕೆ ತೂತಾಗುವ ಅಪಾಯ ವಿರಳವಾದರೂ ನಿಜ.

ಪಿ6ಗೆ ಸೂಜಿಯೇ ಬೇಕು ಅಂತೇನೂ ಇಲ್ಲ. ಅಂಗೈ ಮೇಲೆ ಮಾಡಿ, ಮಣಿಕಟ್ಟಿನ ಗೆರೆಯಿಂದ ರೋಗಿಯದೇ ಮೂರು ಬೆರಳು ಅಗಲ ಮೇಲಕ್ಕೆ, ಎರಡು ಸ್ನಾಯುರಜ್ಜುಗಳ ನಡುವೆ ಹೆಬ್ಬೆರಳಿನಿಂದ ಒತ್ತಿ ಹಿಡಿಯಬಹುದು. ಖರ್ಚಿಲ್ಲ. ವಾಂತಿಯ ಔಷಧಿ ಬರೆದಿದ್ದರೆ ಅದನ್ನೂ ಕೊಡಿಸಿ.