ಡೋಸಿನ ಲೆಕ್ಕ ವಿಷದ ಮೇಲೆ

ಅಮಾಸೆಬೈಲಿನ ತೋಟದಲ್ಲಿ ಕೊಳಕುಮಂಡಲ ಕಚ್ಚಿತು ಅಂದುಕೊಳ್ಳಿ. ಕಚ್ಚಿಸಿಕೊಂಡದ್ದು 70 ಕೆಜಿಯ ಅಪ್ಪನಾ, 15 ಕೆಜಿಯ ಮಗಳಾ? ಯಾರಾದರೂ ಡಾಕ್ಟರು ಕೊಡಬೇಕಾದ ಡೋಸ್ ಒಂದೇ! ಜ್ವರದ ಸಿರಪ್ಪನ್ನು ಮಗುವಿನ ತೂಕ ನೋಡಿ ಅಳೆಯುವ ನಮಗೆ ಇದು ವಿಚಿತ್ರ ಅನ್ನಿಸುತ್ತೆ.

ಈ ಲೆಕ್ಕ ಒಂದೇ ದಿನಕ್ಕೆ ಹೊಳೆದದ್ದಲ್ಲ. 1890ರ ದಶಕದಲ್ಲಿ ಫ್ರಾನ್ಸಿನ ಆಲ್ಬರ್ಟ್ ಕಾಲ್ಮೆಟ್ ಪ್ರಾಣಿಗಳಿಗೆ ನಾಗರಹಾವಿನ ವಿಷವನ್ನು ತುಸುತುಸುವೇ ಚುಚ್ಚಿ, ಅವುಗಳ ರಕ್ತದಿಂದ ಸೀರಂ ತೆಗೆದರು. ಎಲ್ಲ ಹಾವಿಗೂ ಇದೇ ಸಾಕು ಅಂದುಕೊಂಡರು. ಸಾಕಾಗಲಿಲ್ಲ. ಬ್ರೆಜಿಲ್ಲಿನ ವೈದ್ಯ ವಿಟಾಲ್ ಬ್ರೆಜಿಲ್ (ಹೌದು, ಹೆಸರೇ ಹಾಗೆ) ತೋರಿಸಿಕೊಟ್ಟರು: ಯಾವ ಜಾತಿಯ ಹಾವಿನ ವಿಷವೋ, ಅದಕ್ಕೆ ತಕ್ಕ ಮದ್ದೇ ಬೇಕು.

ನಮ್ಮ ಆಸ್ಪತ್ರೆಗಳ ಸೀರಂ ನಾಲ್ಕು ಹಾವುಗಳ ವಿಷದಿಂದ ತಯಾರಾದದ್ದು: ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ. ಕೊಳಕುಮಂಡಲ ಒಮ್ಮೆ ಕಚ್ಚಿದರೆ ಬಿಡೋದು ಸರಾಸರಿ 63 ಮಿಲಿಗ್ರಾಂ ವಿಷ. 10 ಮಿಲಿಲೀಟರಿನ ಒಂದು ವಯಲ್ ಅದರಲ್ಲಿ 6 ಮಿಲಿಗ್ರಾಂ ಕೆಡಿಸುತ್ತೆ. ಅದಕ್ಕೇ ಶುರುವಿನಲ್ಲೇ 8ರಿಂದ 10 ವಯಲ್. ಮಗು ಅಂತ ಹಾವು ಕಡಿಮೆ ವಿಷ ಬಿಡುತ್ತಾ? ಔಷಧದ ಜಗಳ ವಿಷದ ಜೊತೆ, ಮೈತೂಕದ ಜೊತೆಗಲ್ಲ. "ಪಾಪ, ಚಿಕ್ಕದು" ಅಂತ ಅರ್ಧ ಡೋಸ್ ಕೊಟ್ಟರೆ ಅಪಾಯ ಆ ಮಗುವಿಗೇ.

ಆದರೆ ಪಶ್ಚಿಮ ಘಟ್ಟದ ಕಾಡಿನಲ್ಲಿ ಇನ್ನೊಂದು ಪುಟ್ಟ ಹಾವಿದೆ, ಹಂಪ್ ನೋಸ್ಡ್ ಪಿಟ್ ವೈಪರ್. ಅದು ನಾಲ್ಕರ ಪಟ್ಟಿಯಲ್ಲಿಲ್ಲ. ಅದು ಕಚ್ಚಿದಾಗ ಈ ಸೀರಂ ಏರಿಸಿದರೆ ಗುಣವಿಲ್ಲ, ಅಲರ್ಜಿಯ ಅಪಾಯವಷ್ಟೇ. 2024ರ ಫೆಬ್ರುವರಿಯಿಂದ ಕರ್ನಾಟಕದಲ್ಲಿ ಹಾವು ಕಡಿತದ ಪ್ರತಿ ಕೇಸನ್ನೂ ಸರ್ಕಾರಕ್ಕೆ ವರದಿ ಮಾಡೋದು ಕಡ್ಡಾಯ. ಆ ಐದನೇ ಹಾವಿಗೆ ಮಾತ್ರ ನಮ್ಮ ಆಸ್ಪತ್ರೆಗಳ ಫ್ರಿಜ್ಜಿನಲ್ಲಿ ಇನ್ನೂ ಮದ್ದಿಲ್ಲ.