ಚಳಿಗಾಲಕ್ಕೆ ಮುಚ್ಚಿದ ಕೊಳ, ಶಾಶ್ವತವಾಗಿ ಮುಚ್ಚಿದ ಕೊಳ

ಇವತ್ತಿನ ಎಪಿಸೋಡ್‌ನಲ್ಲಿ ಈಜುಕೊಳದ ಚರಿತ್ರೆ. ಶುರು ಮಾಡೋಣ, ಆದರೆ ಚಳಿಗಾಲದಿಂದ.

ಅಮೆರಿಕದ ಮಿಸೌರಿ ರಾಜ್ಯದಲ್ಲಿ, ಮಿಸಿಸಿಪ್ಪಿ ನದಿಯ ದಡದಲ್ಲಿ ಸೇಂಟ್ ಲೂಯಿಸ್ ಅನ್ನೋ ನಗರ ಇದೆ. ಅಲ್ಲಿನ ಚಳಿ ಸ್ವೆಟರ್ ಹಾಕ್ಕೊಂಡ್ರೆ ಮುಗಿಯುವಂಥದ್ದಲ್ಲ, ನೀರೇ ಹೆಪ್ಪುಗಟ್ಟುತ್ತೆ. ಹಾಗಾಗಿ ಮನೆ ಹಿತ್ತಲಲ್ಲಿ ಈಜುಕೊಳ ಇರೋರು ಬೇಸಿಗೆ ಮುಗಿದ ಮೇಲೆ ಅದನ್ನು ಚಳಿಗಾಲಕ್ಕೆ ಸಿದ್ಧ ಮಾಡಲೇಬೇಕು. ಇದಕ್ಕೆ ಅವರು 'ಪೂಲ್ ಕ್ಲೋಸಿಂಗ್' ಅಂತಾರೆ.

ನೀರು ಮಂಜುಗಡ್ಡೆ ಆಗುವಾಗ ಸುಮಾರು ಶೇ. 9ರಷ್ಟು ಹಿಗ್ಗುತ್ತೆ. ಪೈಪಿನೊಳಗೆ ಹಿಗ್ಗಿದರೆ ಪೈಪೇ ಒಡೆಯುತ್ತೆ. ಅದಕ್ಕೇ ಮೊದಲು ಎಲೆ, ಕಸ ತೆಗೆದು, ಕ್ಲೋರಿನ್ ಹಾಕಿ ನೀರನ್ನು ಶುದ್ಧ ಮಾಡ್ತಾರೆ. ನೀರಿನ ಮಟ್ಟ ಸ್ವಲ್ಪ ಇಳಿಸ್ತಾರೆ. ಪೈಪುಗಳಿಗೆ ಗಾಳಿ ಊದಿ, ಉಳಿದ ನೀರನ್ನು ಹೊರಗೆ ತಳ್ಳಿ, ಬಾಯಿಗೆ ಬಿರಡೆ ಹಾಕ್ತಾರೆ. ಪಂಪ್, ಫಿಲ್ಟರ್ ಖಾಲಿ ಮಾಡಿ, ಕೊನೆಗೆ ಕೊಳದ ಮೇಲೆ ದಪ್ಪ ಹೊದಿಕೆ ಎಳೀತಾರೆ. ಆದರೆ ಕೊಳವನ್ನು ಪೂರ್ತಿ ಬರಿದು ಮಾಡಲ್ಲ. ಮಾಡಿದರೆ ನೆಲದೊಳಗಿನ ನೀರು ಕೆಳಗಿನಿಂದ ಒತ್ತಿ ತೊಟ್ಟಿಯನ್ನೇ ಮೇಲೆತ್ತಿಬಿಡಬಹುದು. ಇಷ್ಟೆಲ್ಲ ಜೋಪಾನ ಯಾಕೆ? ವಸಂತ ಬಂದಾಗ ಮತ್ತೆ ತೆರೆಯೋಕೆ.

ಈ ಕೆಲಸ ಮನೆಯವರ ತಲೆ ಮೇಲೆ ಬಿದ್ದಿದ್ದು ತೀರಾ ಹಳೇ ಕಾಲದಲ್ಲೇನಲ್ಲ. ಇಪ್ಪತ್ತನೇ ಶತಮಾನದ ಮೊದಲರ್ಧದಲ್ಲಿ ಸಾಮಾನ್ಯ ಜನ ಈಜ್ತಾ ಇದ್ದಿದ್ದು ನಗರಾಡಳಿತದ ಕೊಳಗಳಲ್ಲಿ. ಸೇಂಟ್ ಲೂಯಿಸ್‌ನ ಫೇರ್‌ಗ್ರೌಂಡ್ ಪಾರ್ಕ್‌ನಲ್ಲೂ ಅಂಥದ್ದೊಂದು ಭಾರೀ ಕೊಳ ಇತ್ತು. ಬೇಸಿಗೆಯಲ್ಲಿ ಜನಸಾಗರ. ಆದರೆ ಬಿಳಿಯರಿಗೆ ಮಾತ್ರ.

1949ರ ಜೂನ್ 21ರಂದು ಮೊದಲ ಸಲ ಕಪ್ಪು ವರ್ಣೀಯ ಮಕ್ಕಳನ್ನೂ ಒಳಗೆ ಬಿಟ್ಟರು. ಮಕ್ಕಳು ಈಜ್ತಾ ಇದ್ದಾಗ ಬೇಲಿಯಾಚೆ ಬಿಳಿಯ ಹುಡುಗರ ಗುಂಪು ಸೇರಿತು. ಸಂಜೆ ಹೊತ್ತಿಗೆ ಸಾವಿರಾರು ಜನ. ಪಾರ್ಕ್‌ನಲ್ಲಿ ಸಿಕ್ಕ ಕಪ್ಪು ಜನರನ್ನು ಅಟ್ಟಾಡಿಸಿ ಹೊಡೆದರು. ನಗರದ ಮೇಯರ್ ಆದೇಶವನ್ನೇ ಹಿಂದಕ್ಕೆ ತಗೊಂಡರು. ಮರುವರ್ಷ ಕೋರ್ಟ್, ಕೊಳ ಎಲ್ಲರಿಗೂ ತೆರೆದಿರಬೇಕು ಅಂತ ಹೇಳಿತು. ಆಮೇಲೆ ಬಿಳಿಯರು ಬರೋದನ್ನೇ ಬಿಟ್ಟರು. 1956ರಲ್ಲಿ ಕೊಳ ಶಾಶ್ವತವಾಗಿ ಮುಚ್ಚಿತು.

ಮಿಸಿಸಿಪ್ಪಿ ರಾಜ್ಯದ ಜಾಕ್ಸನ್ ನಗರ ಇನ್ನೂ ನೇರವಾಗಿ ನಡೆದುಕೊಂಡಿತು. ಅಲ್ಲಿ ಐದು ಕೊಳಗಳಿದ್ದವು, ನಾಲ್ಕು ಬಿಳಿಯರಿಗೆ, ಒಂದು ಕಪ್ಪು ಜನರಿಗೆ. ಈ ಭೇದ ಸಂವಿಧಾನಕ್ಕೆ ವಿರುದ್ಧ ಅಂತ ಕೋರ್ಟ್ ಹೇಳಿದ ಮೇಲೆ, ನಗರ 1963ರಲ್ಲಿ ನಾಲ್ಕು ಕೊಳ ಮುಚ್ಚಿ, ಗುತ್ತಿಗೆಗೆ ಪಡೆದಿದ್ದ ಐದನೆಯದನ್ನು ವಾಪಸ್ ಕೊಟ್ಟುಬಿಟ್ಟಿತು. ಕೇಸು ಸುಪ್ರೀಂ ಕೋರ್ಟ್‌ಗೆ ಹೋಯಿತು. 1971ರಲ್ಲಿ 5–4ರ ಬಹುಮತದ ತೀರ್ಪು ಬಂತು: ಎಲ್ಲರಿಗೂ ಮುಚ್ಚಿರೋದರಿಂದ ಇದು ತಾರತಮ್ಯ ಅಲ್ಲ!

ಇದೇ ದಶಕಗಳಲ್ಲಿ ನಗರದಂಚಿನ ಬಡಾವಣೆಗಳ ಹಿತ್ತಲುಗಳಲ್ಲಿ ಖಾಸಗಿ ಕೊಳಗಳು ಬಂದವು. ಇತಿಹಾಸಕಾರ ಜೆಫ್ ವಿಲ್ಟ್ಸಿ ಕೊಡೋ ಲೆಕ್ಕ ನೋಡಿ: 1950ರಲ್ಲಿ ಮನೆಯಲ್ಲೇ ಕೊಳ ಇದ್ದ ಕುಟುಂಬಗಳು ಸುಮಾರು 2,500, 1999ರಲ್ಲಿ 40 ಲಕ್ಷ. ಎಲ್ಲರೂ ದ್ವೇಷದಿಂದಲೇ ಕೊಳ ಕಟ್ಟಿಸಿದರು ಅಂತಲ್ಲ. ಯುದ್ಧದ ನಂತರ ಜನರ ಕೈಯಲ್ಲಿ ದುಡ್ಡಿತ್ತು, ಕಾಂಕ್ರೀಟನ್ನು ಪೈಪಿನಿಂದ ಸಿಂಪಡಿಸಿ ಕೊಳ ಕಟ್ಟೋ ತಂತ್ರ ಖರ್ಚು ಇಳಿಸಿತ್ತು. ಆದರೆ ಹೊಸ ಬಡಾವಣೆಗಳ ಬಾಗಿಲು ಬಹುಮಟ್ಟಿಗೆ ಬಿಳಿಯರಿಗೆ ಮಾತ್ರ ತೆರೆದಿತ್ತು. ಹಿತ್ತಲಿನ ಬೇಲಿ ಹಳೇ ಕೊಳದ ಬೇಲಿಯ ಕೆಲಸವನ್ನೇ ಮಾಡಿತು.

ನಷ್ಟ ಯಾರಿಗೆ? ಕೊಳ ಇಲ್ಲದ ಊರಲ್ಲಿ ಮಕ್ಕಳು ಈಜು ಕಲಿಯಲ್ಲ. ಈಜು ಬಾರದ ಅಪ್ಪ–ಅಮ್ಮ ಮಕ್ಕಳನ್ನು ನೀರಿನ ಹತ್ತಿರ ಬಿಡಲ್ಲ. ಇವತ್ತಿಗೂ ಅಮೆರಿಕದಲ್ಲಿ ಈಜುಕೊಳದಲ್ಲಿ ಮುಳುಗಿ ಸಾಯೋ ಪ್ರಮಾಣ ಬಿಳಿ ಮಕ್ಕಳಿಗಿಂತ ಕಪ್ಪು ಮಕ್ಕಳಲ್ಲಿ ಹಲವು ಪಟ್ಟು ಹೆಚ್ಚು.

ಹಿತ್ತಲಿನ ಕೊಳದ ಹೊದಿಕೆಯನ್ನು ಬೇಸಿಗೆಗೆ ಮೊದಲು ತೆಗೀತಾರೆ. ಫೇರ್‌ಗ್ರೌಂಡ್ ಪಾರ್ಕ್‌ನ ಆ ಕೊಳವನ್ನು ಮತ್ತೆ ಯಾರೂ ತೆರೆಯಲಿಲ್ಲ.

ಮುಂದಿನ ಎಪಿಸೋಡ್‌ನಲ್ಲಿ ಸಿಗೋಣ.