ಎಂಡಾರ್ಫಿನ್
‘ಒಳಗೇ ಹುಟ್ಟಿದ’ ಎಂಬರ್ಥದ ಎಂಡೋಜೀನಸ್ ಮತ್ತು ಅಫೀಮಿನಿಂದ ದೊರೆಯುವ ನೋವುನಿವಾರಕವಾದ ಮಾರ್ಫಿನ್ ಎಂಬ ಪದಗಳ ಬೆಸುಗೆಯಿಂದ ಎಂಡಾರ್ಫಿನ್ ರೂಪುಗೊಂಡಿದೆ. ಮಾರ್ಫಿನ್‌ನ ಮೂಲವು ಗ್ರೀಕರ ಸ್ವಪ್ನದೇವತೆ ಮಾರ್ಫಿಯಸ್‌ನ ಹೆಸರು. 1975ರಲ್ಲಿ ಸ್ಕಾಟ್ಲೆಂಡಿನ ಅಬರ್ಡೀನ್‌ನಲ್ಲಿ ಜಾನ್ ಹ್ಯೂಸ್ ಮತ್ತು ಹಾನ್ಸ್ ಕೋಸ್ಟರ್ಲಿಟ್ಜ್ ಹಂದಿಯ ಮಿದುಳಿನಲ್ಲಿ ಮಾರ್ಫಿನ್‌ನಂತೆ ವರ್ತಿಸುವ ಎರಡು ಪೆಪ್ಟೈಡುಗಳನ್ನು, ಎಂದರೆ ಅಮೈನೋ ಆಮ್ಲಗಳ ಕಿರುಸರಪಳಿಗಳನ್ನು, ಗುರುತಿಸಿ ಎನ್‌ಕೆಫಾಲಿನ್ ಎಂದು ಕರೆದರು. ಇಂಥ ಪದಾರ್ಥಗಳಿಗೆಲ್ಲ ಎಂಡಾರ್ಫಿನ್ ಎಂಬ ಹೆಸರನ್ನು ಸೂಚಿಸಿದವರು ಎರಿಕ್ ಸೈಮನ್.

ಈ ಪದಾರ್ಥದ ನಿಜವಾದ ಸ್ವಾರಸ್ಯವು ಒತ್ತಡದೊಡನೆ ಅದಕ್ಕಿರುವ ನಂಟಿನಲ್ಲಿದೆ. ಗಾಯವೋ ಭಯವೋ ಎದುರಾದಾಗ ಮಿದುಳಿನ ತಳಭಾಗದ ಹೈಪೋಥಲಾಮಸ್ ಸಿ.ಆರ್.ಎಚ್. ಎಂಬ ಹಾರ್ಮೋನನ್ನು ಸ್ರವಿಸುತ್ತದೆ. ಅದರ ಪ್ರೇರಣೆಯಿಂದ ಪಿಟ್ಯುಟರಿ ಗ್ರಂಥಿಯು ಒತ್ತಡದ ಹಾರ್ಮೋನಾದ ಕಾರ್ಟಿಸಾಲ್‌ನ ಉತ್ಪಾದನೆಯನ್ನು ಹೆಚ್ಚಿಸುವ ಎ.ಸಿ.ಟಿ.ಎಚ್. ಜೊತೆಯಲ್ಲೇ 31 ಅಮೈನೋ ಆಮ್ಲಗಳ ಬೀಟಾ-ಎಂಡಾರ್ಫಿನ್ನನ್ನೂ ರಕ್ತಕ್ಕೆ ಬಿಡುತ್ತದೆ, ಏಕೆಂದರೆ ಇವೆರಡೂ ಒಂದೇ ದೊಡ್ಡ ಪ್ರೋಟೀನಿನ ತುಂಡುಗಳು. ಕಳವಳವನ್ನೂ ಅದರ ಶಮನವನ್ನೂ ದೇಹವು ಒಂದೇ ಮೂಲದಿಂದ ಕಡೆದುಕೊಳ್ಳುವುದು ಜೀವರಸಾಯನದ ಬೆರಗುಗಳಲ್ಲೊಂದು. ಆದರೆ ರಕ್ತಕ್ಕೆ ಸೇರಿದ ಎಂಡಾರ್ಫಿನ್ ಮಿದುಳನ್ನು ಸುಲಭವಾಗಿ ಪ್ರವೇಶಿಸಲಾರದು. ಒತ್ತಡದ ಹೊತ್ತಿನಲ್ಲಿ ನೋವನ್ನು ಬಹುಮಟ್ಟಿಗೆ ಅಡಗಿಸುವುದು ಮಿದುಳಿನದೇ ನರಕೋಶಗಳು ಹೊರಸೂಸುವ ಓಪಿಯಾಯ್ಡುಗಳು, ಎಂದರೆ ಮಾರ್ಫಿನ್‌ನಂತೆ ವರ್ತಿಸುವ ಪದಾರ್ಥಗಳು. ಆದ್ದರಿಂದ ಎಂಡಾರ್ಫಿನ್ನನ್ನು ‘ಸಂತೋಷದ ಹಾರ್ಮೋನು’ ಎನ್ನುವ ಜನಪ್ರಿಯ ಬಳಕೆ ಸಡಿಲವಾದುದು. ‘ಒಳಮೂಲದ ನೋವುನಿವಾರಕ’ ಎಂಬ ವಿವರಣೆಯೇ ಹೆಚ್ಚು ಸಮರ್ಪಕ.